ತಣ್ಣೀರಿಗೆ ಬೆಳೆಯುವ ಎಲುಬು

ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಹಲಗೆಯ ಮೇಲೆ ನಿಂತು ತೆರೆಗಳನ್ನೇರಿ ಬರುವ ಸಾಹಸಿಗರ ಚಿತ್ರಗಳನ್ನು ವಾಚಕರು ನೋಡಿರಬಹುದು. ಹಲವು ವರ್ಷ ಹೀಗೆ ತಣ್ಣೀರಿನಲ್ಲಿ ಆಡಿದವರ ಕಿವಿಯೊಳಗೆ ಎಲುಬು ಗಂಟುಗಂಟಾಗಿ ಬೆಳೆದು ಶ್ರವಣನಾಳವನ್ನೇ ಮುಚ್ಚತೊಡಗುವುದುಂಟು. ವೈದ್ಯರು ಇದನ್ನು ಎಕ್ಸಾಸ್ಟೋಸಿಸ್ ಎನ್ನುತ್ತಾರೆ. ತಣ್ಣೀರಿಗೂ ಎಲುಬಿಗೂ ಏನು ಸಂಬಂಧ?

ಶ್ರವಣನಾಳದ ಉದ್ದ ಸುಮಾರು 2.5 ಸೆಂಟಿಮೀಟರು. ಅದರ ಹೊರಭಾಗದ ಗೋಡೆ ಮೃದ್ವಸ್ಥಿಯದು. ಒಳಭಾಗದ್ದು ಗಟ್ಟಿ ಎಲುಬು. ಈ ಎಲುಬಿನ ಮೇಲಿನ ಚರ್ಮ ಬಹು ತೆಳುವಾದುದು. ಅದರಡಿಯಲ್ಲಿ ಬೆಚ್ಚಗಿಡುವ ಕೊಬ್ಬಿಲ್ಲ. ನೀರಾದರೋ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾದ ಉಷ್ಣವಾಹಕ. ಆದಕಾರಣ ಒಳಹೊಕ್ಕ ತಣ್ಣೀರು ಎಲುಬನ್ನು ಹೊದೆದ ಪೊರೆಯ ಶಾಖವನ್ನು ಬೇಗನೆ ಸೆಳೆದುಕೊಳ್ಳುತ್ತದೆ. ಒದ್ದೆ ಕಿವಿಗೆ ಗಾಳಿ ಬೀಸಿದರೆ ನೀರು ಆವಿಯಾಗಿ ತಂಪು ಮತ್ತಷ್ಟು ಹೆಚ್ಚುತ್ತದೆ. ಪದೇ ಪದೇ ಹೀಗಾದಾಗ ಪೊರೆಯು ಕೆರಳಿ, ಪದರದ ಮೇಲೆ ಪದರವಾಗಿ ಹೊಸ ಎಲುಬನ್ನು ಕಟ್ಟುತ್ತದೆ.

ಇದು ಇಂದಿನ ಕ್ರೀಡೆ ತಂದ ರೋಗವೇನೂ ಅಲ್ಲ. 1908ರಲ್ಲಿ ಫ್ರಾನ್ಸಿನ ಲಾ ಶಾಪೆಲ್-ಓ-ಸೇಂಟ್ ಗುಹೆಯಲ್ಲಿ ದೊರೆತ ನಿಯಾಂಡರ್ತಲ್ ಮಾನವನ ತಲೆಬುರುಡೆಯಲ್ಲಿಯೂ ಇಂಥ ಗಂಟುಗಳಿವೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ 23 ನಿಯಾಂಡರ್ತಲರ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇವು ಕಂಡುಬಂದವು. ಅವರು ನೀರಿಗಿಳಿದು ಆಹಾರ ಅರಸುತ್ತಿದ್ದಿರಬಹುದೆಂಬ ಊಹೆಗೆ ಇದು ಆಧಾರವಾಯಿತು.

ಈ ಬೆಳವಣಿಗೆ ಅರ್ಬುದವಲ್ಲ. ಮೊದಮೊದಲು ನೋವೂ ಇರುವುದಿಲ್ಲ. ಕಿರಿದಾದ ಸಂದಿಯೊಂದು ಉಳಿದರೂ ಶಬ್ದ ಕರ್ಣಪಟಲವನ್ನು ಮುಟ್ಟುವುದರಿಂದ, ಕೇಡು ಬಹುಕಾಲ ತಿಳಿಯದೆ ಹೋಗುತ್ತದೆ. ಕೊನೆಗೆ ಆ ಸಂದಿಯಲ್ಲಿ ನೀರೋ ಗುಗ್ಗೆಯೋ ಸಿಕ್ಕಿಕೊಂಡರೆ ಕಿವಿ ಮಂದವಾಗುತ್ತದೆ. ಮತ್ತೆ ಮತ್ತೆ ಸೋಂಕು ತಗಲುತ್ತದೆ.

ಬೆಳೆದ ಎಲುಬನ್ನು ಕರಗಿಸುವ ಔಷಧವಿಲ್ಲ. ತೊಂದರೆ ಮಿತಿಮೀರಿದಾಗ ಶಸ್ತ್ರವೈದ್ಯರು ಸಣ್ಣ ಉಳಿಯಿಂದಲೋ ವೇಗವಾಗಿ ತಿರುಗುವ ಬೈರಿಗೆಯಿಂದಲೋ ಅದನ್ನು ಕೆತ್ತಿ ತೆಗೆಯುತ್ತಾರೆ. ಕರ್ಣಪಟಲವೂ ಮುಖದ ನರವೂ ಸಮೀಪದಲ್ಲೇ ಇರುವುದರಿಂದ ಇದು ಬಹು ನಾಜೂಕಿನ ಕೆಲಸ. ಗಾಯ ಮಾಯಲು ವಾರಗಳೇ ಬೇಕು. ಇಷ್ಟಾದರೂ ಮತ್ತೆ ಬರಿಗಿವಿಯಲ್ಲಿ ತಣ್ಣೀರಿಗಿಳಿದರೆ ಎಲುಬು ಪುನಃ ಬೆಳೆಯಬಹುದು.

ತಡೆಯುವ ಉಪಾಯವಾದರೋ ಸುಲಭ. ನೀರಿಗಿಳಿಯುವಾಗ ಕಿವಿಗೆ ತಕ್ಕ ಬೆಣೆಯನ್ನೋ, ಕಿವಿ ಮುಚ್ಚುವ ಟೊಪ್ಪಿಗೆಯನ್ನೋ ಧರಿಸಿದರೆ ತಣ್ಣೀರು ಎಲುಬಿನವರೆಗೆ ಹೋಗದು. ಬೈರಿಗೆ ಮಾಡಬೇಕಾದ ಕೆಲಸವನ್ನು ಬೆರಳತುದಿಯಷ್ಟು ಬೆಣೆಯೊಂದು ತಪ್ಪಿಸಬಲ್ಲುದು.