ಆರಾಮಾಗಿದೀವಿ ಅಂತ ರಕ್ತ ಕ್ಯಾನ್ಸರ್ ಮಾತ್ರೆ ಬಿಡಬೇಡಿ: ನಿಧಾನದ ಕಾಯಿಲೆ ಜೋರಾಗೋದು ಹೀಗೆ

ರಕ್ತದ ಕ್ಯಾನ್ಸರ್‌ಗಳೆಲ್ಲ ಒಂದೇ ಥರ ಅಲ್ಲ. ಕೆಲವು ವಾರಗಳಲ್ಲೇ ಜೋರಾಗುತ್ತವೆ. ಇನ್ನು ಕೆಲವು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಈ ಸದ್ದಿಲ್ಲದ ಕಾಯಿಲೆಯೂ ಒಂದು ದಿನ ತಿರುಗಿ ಬೀಳಬಹುದು. ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಇದಕ್ಕೆ ಉದಾಹರಣೆ.

ಏನಿದು ಸಿಎಂಎಲ್?

ನಮ್ಮ ರಕ್ತ ತಯಾರಾಗೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿನ ಒಂದು ಜೀವಕೋಶದಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲು ಬದಲಾಗುತ್ತವೆ. ಇದರಿಂದ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟಿ, ಬಿಳಿ ರಕ್ತಕಣ ಲೆಕ್ಕವಿಲ್ಲದೆ ಹೆಚ್ಚುತ್ತವೆ. ಸಾಮಾನ್ಯವಾಗಿ 4 ಸಾವಿರದಿಂದ 11 ಸಾವಿರ ಇರಬೇಕಾದ ಕಣಗಳು ಲಕ್ಷ ದಾಟಬಹುದು. ಇದು ಅಂಟುರೋಗ ಅಲ್ಲ, ತಂದೆ ತಾಯಿಯಿಂದ ಬರುವುದೂ ಅಲ್ಲ. ಎಷ್ಟೋ ಜನರಿಗೆ ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗಲೇ ಗೊತ್ತಾಗೋದು.

ಜೋರಾಗೋದು ಯಾಕೆ?

ಮೊದಲ ಹಂತದಲ್ಲಿ ಕಣಗಳು ಹೆಚ್ಚಿದ್ದರೂ ಬಲಿತು ಕೆಲಸ ಮಾಡುತ್ತವೆ. ಆದರೆ ಜೀವಕೋಶ ಒಡೆದು ಎರಡಾಗುತ್ತಾ ಹೋದಂತೆ ಹೊಸ ಹೊಸ ತಪ್ಪುಗಳು ಸೇರಿಕೊಳ್ಳುತ್ತವೆ. ಕೊನೆಗೆ ಕೆಲವು ಕಣಗಳು ಬಲಿಯೋದೇ ಇಲ್ಲ. ಇಂಥ ಎಳೆಯ ಕಣಗಳಿಗೆ ಬ್ಲಾಸ್ಟ್ ಅಂತಾರೆ. ಇವು ಶೇ 20 ಮುಟ್ಟಿದರೆ ಅದು ಬ್ಲಾಸ್ಟ್ ಹಂತ. ಆಗ ಕಾಯಿಲೆ ತೀವ್ರ ಲ್ಯುಕೇಮಿಯಾದಂತೆ ನುಗ್ಗುತ್ತೆ, ಚಿಕಿತ್ಸೆ ಬಹಳ ಕಷ್ಟ. ಈಗಿನ ಮಾತ್ರೆಗಳಿಲ್ಲದ ಕಾಲದಲ್ಲಿ ಸಾಮಾನ್ಯವಾಗಿ 3ರಿಂದ 5 ವರ್ಷದಲ್ಲಿ ಹೀಗಾಗುತ್ತಿತ್ತು.

ಮಾತ್ರೆ ಬದಲಿಸಿದ ಕಥೆ

2001ರಲ್ಲಿ ಅಮೆರಿಕದಲ್ಲಿ ಇಮ್ಯಾಟಿನಿಬ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಇದು ಆ ಕೆಟ್ಟ ಜೀನಿನ ಕೆಲಸವನ್ನೇ ತಡೆಯುತ್ತೆ. 2013ರಲ್ಲಿ ಸುಪ್ರೀಂ ಕೋರ್ಟ್ ನೋವಾರ್ಟಿಸ್ ಕಂಪನಿಯ ಗ್ಲಿವೆಕ್‌ಗೆ ಪೇಟೆಂಟ್ ನಿರಾಕರಿಸಿದ್ದರಿಂದ, ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆ ನಮ್ಮ ದೇಶದಲ್ಲಿ ಮುಂದುವರಿಯಿತು. ದಿನವೂ ತಪ್ಪದೆ ನುಂಗಿದರೆ ಹೆಚ್ಚಿನವರು ಅಂಗಡಿ, ಹೊಲ, ಕೆಲಸ ಅಂತ ಎಲ್ಲರಂತೆ ಓಡಾಡಿಕೊಂಡಿರಬಹುದು.

ಎಡವೋದು ಇಲ್ಲೇ

'ರಕ್ತದ ರಿಪೋರ್ಟ್ ನಾರ್ಮಲ್ ಬಂತು, ಇನ್ಯಾಕೆ ಮಾತ್ರೆ?' ಅಂತ ಕೆಲವರು ನಿಲ್ಲಿಸಿಬಿಡ್ತಾರೆ. ಕಳೆಯನ್ನು ಮೇಲೆ ಸವರಿದರೆ ಹೊಲ ಚೊಕ್ಕ ಕಾಣುತ್ತೆ, ಬೇರು ಒಳಗೇ ಇರುತ್ತೆ. ಇದೂ ಹಾಗೇ. ಮಾತ್ರೆ ಬಿಟ್ಟರೆ ಕಾಯಿಲೆ ಮರಳಬಹುದು. ಅದಕ್ಕೇ ಸಾಮಾನ್ಯ ರಕ್ತ ಪರೀಕ್ಷೆ ಸಾಲದು, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಪರೀಕ್ಷೆಯೂ ಬೇಕು. ವರ್ಷಗಟ್ಟಲೆ ಒಳ್ಳೆ ಫಲಿತಾಂಶ ಬಂದ ಕೆಲವರಿಗೆ ಮಾತ್ರ ವೈದ್ಯರೇ ನಿಗಾ ಇಟ್ಟು ಮಾತ್ರೆ ನಿಲ್ಲಿಸಬಹುದು.

ಯಾವಾಗ ತಡ ಮಾಡಬಾರದು?

ಬಿಡದ ಜ್ವರ, ರಾತ್ರಿ ಮೈಯೆಲ್ಲ ಬೆವರು, ತೂಕ ಇಳಿಕೆ, ಮೂಳೆ ನೋವು, ಒಸಡಿನಲ್ಲಿ ರಕ್ತ, ಎಡಪಕ್ಕೆ ಕೆಳಗೆ ಭಾರ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಡಾಕ್ಟರ್ ಹತ್ರ ಹೋಗಿ. ದುಡ್ಡಿನ ತೊಂದರೆ ಇದ್ದರೆ ಮಾತ್ರೆ ನಿಲ್ಲಿಸೋ ಮೊದಲೇ ಬಾಯಿಬಿಟ್ಟು ಹೇಳಿ. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ.