ನಡುರಾತ್ರಿಯ ಒಂದು ಹನಿ ರಕ್ತ

ಆರೋಗ್ಯ ಇಲಾಖೆಯವರು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಬಾಗಿಲು ತಟ್ಟಿ, ಬೆರಳು ಚುಚ್ಚಿ ಒಂದು ಹನಿ ರಕ್ತ ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಹಗಲು ಬಂದರೆ ಆಗುವುದಿಲ್ಲವೆ? ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿರುವ ಕಲಬುರಗಿ ಜಿಲ್ಲೆ ಆನೆಕಾಲು ರೋಗದಿಂದ ನರಳಿದ ಜಿಲ್ಲೆ. ಈ ಪ್ರಶ್ನೆಗೆ ಉತ್ತರ ಸೂಕ್ಷ್ಮದರ್ಶಕದ ಕೆಳಗಿದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ರಕ್ತದ ಸ್ಲೈಡೊಂದನ್ನು ನೋಡಿ. ಗುಲಾಬಿ ಬಣ್ಣದ ದುಂಡು ಬಿಲ್ಲೆಗಳು ಕಣ್ಣ ತುಂಬ ಹರಡಿರುತ್ತವೆ. ಅವು ಕೆಂಪು ರಕ್ತಕಣಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು ಸುಮಾರು 50 ಲಕ್ಷ. ನಡುನಡುವೆ ನೇರಳೆ ಬಣ್ಣದ ಕೋಶಕೇಂದ್ರವುಳ್ಳ ಬಿಳಿ ರಕ್ತಕಣಗಳು ಅಪರೂಪಕ್ಕೆ ಸಿಗುತ್ತವೆ. ಈ ಬಣ್ಣಗಳು ರಕ್ತದವಲ್ಲ. ಹನಿಯನ್ನು ಗಾಜಿನ ಮೇಲೆ ತೆಳುವಾಗಿ ಎಳೆದು, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ ತೊಳೆದಾಗ ಬಂದವು.

ಮಲೇರಿಯಾ ರೋಗಿಯ ಸ್ಲೈಡಾದರೆ ಕೆಲವು ಕೆಂಪು ಕಣಗಳ ಒಳಗೆ ಹರಳಿನ ಉಂಗುರದಂಥ ಆಕಾರ ಕಾಣುತ್ತದೆ. ಅದೇ ರೋಗಾಣು. ಆನೆಕಾಲಿನ ಮರಿಹುಳು ಕಣದೊಳಗೆ ಇರುವುದಿಲ್ಲ, ಕಣಗಳ ನಡುವೆ ಬಾಗಿ ಬಳುಕಿ ಮಲಗಿರುತ್ತದೆ. ಅದರ ಅಗಲ ಹೆಚ್ಚುಕಡಿಮೆ ಒಂದು ಕೆಂಪು ಕಣದಷ್ಟು, ಉದ್ದ ಮೂವತ್ತಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಟ್ಟಷ್ಟು.

ಮನುಷ್ಯನ ರಕ್ತದಲ್ಲಿ ಈ ಹುಳುವನ್ನು 1872ರಲ್ಲಿ ಕಲ್ಕತ್ತೆಯಲ್ಲಿ ತಿಮೋತಿ ಲೂಯಿಸ್ ಕಂಡರು. ಸೊಳ್ಳೆ ಅದನ್ನು ಹೀರಿ ತನ್ನೊಳಗೆ ಬೆಳೆಸುತ್ತದೆ ಎಂಬುದನ್ನು 1877ರಲ್ಲಿ ಚೀನಾದಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ತೋರಿಸಿದರು. ರಾತ್ರಿಯ ಗುಟ್ಟನ್ನು ಬಿಡಿಸಿದವರೂ ಅವರೇ. ಹಗಲು ಮರಿಹುಳುಗಳು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ನಡುರಾತ್ರಿಗೆ ಚರ್ಮದ ಬಳಿಗೆ ಬರುತ್ತವೆ. ಈಗ ಹಗಲಲ್ಲೇ ರೋಗ ಗುರುತಿಸುವ ಪರೀಕ್ಷಾ ಪಟ್ಟಿಗಳೂ ಇವೆ. ಆದರೆ ಹುಳುವನ್ನೇ ಕಾಣಬೇಕಾದರೆ ರಾತ್ರಿಯ ಹನಿಯೇ ಬೇಕು.

ಮ್ಯಾನ್ಸನ್ ಪ್ರೇರಣೆಯಿಂದ ಮಲೇರಿಯಾದ ಬೆನ್ನುಹತ್ತಿದ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡರು. ಆ ಸೊಳ್ಳೆಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. 1948ರವರೆಗೆ ನಮ್ಮ ಈ ತಾಲೂಕುಗಳೂ ಅದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು ಎಂಬುದು ಓದುಗರಿಗೆ ನೆನಪಿರಲಿ.

ಕಲಿಯುವವರಿಗೆ ಸಿದ್ಧ ಸ್ಲೈಡೇ ಏಕೆ? ತರಗತಿಯಲ್ಲಿ ಒಂದೇ ಸೂಜಿಯಿಂದ ಹಲವರ ಬೆರಳು ಚುಚ್ಚಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಹರಡಬಹುದು. ಒಣಗಿಸಿ, ಬಣ್ಣ ಹಾಕಿ, ಮೇಲೆ ತೆಳುಗಾಜು ಅಂಟಿಸಿದ ಸ್ಲೈಡಿನಲ್ಲಿ ಆ ಭಯವಿಲ್ಲ. ಒಂದೇ ಸ್ಲೈಡನ್ನು ವರ್ಷಗಟ್ಟಲೆ ನೂರಾರು ಮಕ್ಕಳು ನೋಡಬಹುದು. ಪ್ರಯೋಗಾಲಯದಲ್ಲಿ ರೋಗ ಪತ್ತೆಹಚ್ಚುವವರ ಕಣ್ಣು ಪಳಗುವುದೂ ಇಂಥ ಸ್ಲೈಡುಗಳಿಂದಲೇ.

ರಕ್ತದಲ್ಲಿ ಮರಿಹುಳು ಇರುವ ಎಷ್ಟೋ ಜನರಿಗೆ ಜ್ವರವಿಲ್ಲ, ಬಾವಿಲ್ಲ. ತಾವು ರೋಗಿಗಳೆಂದು ಅವರಿಗೇ ಗೊತ್ತಿರುವುದಿಲ್ಲ. ಈ ಹಂತದಲ್ಲಿ ಗುಳಿಗೆ ನುಂಗಿದರೆ ಮರಿಹುಳುಗಳು ಸಾಯುತ್ತವೆ, ಸೊಳ್ಳೆಯ ಮೂಲಕ ನೆರೆಮನೆಗೆ ಹೋಗುವುದು ನಿಲ್ಲುತ್ತದೆ. ಕಾಲು ದಪ್ಪಗಾಗಿ ವರ್ಷಗಳು ಕಳೆದ ಮೇಲೆ ಮೊದಲಿನಂತೆ ಆಗುವುದು ಕಷ್ಟ. ರಾತ್ರಿ ಬಾಗಿಲು ತಟ್ಟಿದವರಿಗೆ ಒಂದು ಹನಿ ಕೊಡುವುದು ಅದಕ್ಕಾಗಿ.