ಹುಣಸೆ ಬೀಜದ ಅಂಟು, ಜಾಮಿನಿ ರಾಯ್ ಗೆರೆ

ಶಾಲೆಗಳ ಕಲಾಪ್ರದರ್ಶನದಲ್ಲಿ ಒಂದು ಗೋಡೆಯ ತುಂಬ ವ್ಯಾನ್ ಗೋನ ನಕ್ಷತ್ರದ ರಾತ್ರಿ ತೂಗುತ್ತಿರುತ್ತದೆ, ಎಲ್ಲವೂ ಒಂದೇ ಥರ. ಪ್ರಿಂಟ್ ಕೊಟ್ಟು ಬಣ್ಣ ತುಂಬಿಸಿದರೆ ಆಗುವುದೇ ಅಷ್ಟು. ಚಿತ್ರ ಕಲಾವಿದನದೇ ಇರಲಿ, ಮಕ್ಕಳು ಪಡೆಯಬೇಕಾದದ್ದು ಅವನು ಕೆಲಸ ಮಾಡಿದ ಕ್ರಮ. ಇದಕ್ಕೆ ನಮ್ಮ ಶಾಲೆಗಳಿಗೆ ಹೇಳಿ ಮಾಡಿಸಿದಂತಿರುವವರು ಬಂಗಾಳದ ಜಾಮಿನಿ ರಾಯ್.

ಬಾಂಕುರಾ ಜಿಲ್ಲೆಯ ಹಳ್ಳಿಯೊಂದರಲ್ಲಿ 1887ರಲ್ಲಿ ಹುಟ್ಟಿದ ರಾಯ್, ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಕಲಿತದ್ದು ಪಾಶ್ಚಾತ್ಯ ಪದ್ಧತಿಯ ಚಿತ್ರಕಲೆ. 1920ರ ದಶಕದಲ್ಲಿ ಅದನ್ನು ಬದಿಗಿಟ್ಟು ಕಾಲೀಘಾಟಿನ ಪಟಚಿತ್ರಗಳತ್ತ, ತಮ್ಮೂರ ಕಡೆಯ ಜನಪದ ಚಿತ್ರಗಳತ್ತ ಹೊರಳಿದರು. ನೆರಳು-ಬೆಳಕಿನ ಆಟ ಹೋಯಿತು. ಉಳಿದದ್ದು ಕೆಲವೇ ಸಪಾಟು ಬಣ್ಣ, ದಪ್ಪ ಹೊರಗೆರೆ, ಬಾದಾಮಿ ಆಕಾರದ ಕಣ್ಣು. ಕೊಂಡ ಬಣ್ಣದ ಟ್ಯೂಬು ಬಿಟ್ಟು ಮಣ್ಣು, ಕಲ್ಲಿನ ಪುಡಿ, ನೀಲಿ, ಸೀಮೆಸುಣ್ಣ, ದೀಪದ ಮಸಿಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಕಲೆಸಿಕೊಂಡರು.

ತರಗತಿಯ ಕೆಲಸ ಶುರುವಾಗಬೇಕಾದದ್ದು ಈ ಅಂಟಿನಿಂದಲೇ. ಹಿಡಿ ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ರಾತ್ರಿಯಿಡೀ ನೆನೆಹಾಕಿ ನುಣ್ಣಗೆ ರುಬ್ಬಬೇಕು. ಧಾರಾಳವಾಗಿ ನೀರು ಬೆರೆಸಿ, ಕೈಬಿಡದೆ ತಿರುವುತ್ತ ಕುದಿಸಿದರೆ ಗಟ್ಟಿಯಾಗುತ್ತ ಬರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಒಲೆಯ ಕೆಲಸ ಮೇಷ್ಟ್ರದು, ಮಕ್ಕಳದಲ್ಲ. ಒಂದೆರಡು ದಿನಕ್ಕೇ ಹಳಸುವುದರಿಂದ ಬೇಕಾದಷ್ಟೇ ಮಾಡಿದರೆ ಸಾಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕೆಲಸದಲ್ಲೂ ಹುಣಸೆ ಬೀಜದ ಅಂಟು ಬಳಕೆಯಲ್ಲಿದೆ, ಮಕ್ಕಳಿಗೆ ಇದನ್ನೂ ಹೇಳಬಹುದು.

ಕೆಮ್ಮಣ್ಣನ್ನು ಪುಡಿ ಮಾಡಿ ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಅಂಟು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲೆಸಬೇಕು. ಬಿಳಿಗೆ ಸೀಮೆಸುಣ್ಣದ ಪುಡಿ, ಕಪ್ಪಿಗೆ ದೀಪದ ಮಸಿ. ಅಂಟು ಕಡಿಮೆಯಾದರೆ ಒಣಗಿದ ಬಣ್ಣ ಬೆರಳಿಗೆ ಹತ್ತುತ್ತದೆ, ಹೆಚ್ಚಾದರೆ ಬಿರಿಯುತ್ತದೆ. ರಟ್ಟಿನ ಚೂರಿನ ಮೇಲೆ ಮೊದಲು ಹಚ್ಚಿ ನೋಡಿ. ಅರಿಸಿನದ ಹಳದಿ ಚೆನ್ನಾಗಿ ಕಂಡರೂ ಬಿಸಿಲಿಗೆ ಮಾಸುತ್ತದೆ. ರಾಯ್ ಇಂಗಳೀಕದ ಕೆಂಪನ್ನೂ ಬಳಸುತ್ತಿದ್ದರು. ಅದರಲ್ಲಿ ಪಾದರಸವಿದೆ, ಶಾಲೆಯೊಳಗೆ ಬೇಡವೇ ಬೇಡ.

ರಾಯ್ ಅವರ ಎರಡು ಮೂರು ಚಿತ್ರಗಳನ್ನು ಹತ್ತು ನಿಮಿಷ ತೋರಿಸಿ. ಕಣ್ಣು ಹೇಗಿದೆ, ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಷ್ಟು ಬಣ್ಣ ಎಂದು ಮಕ್ಕಳ ಬಾಯಿಂದಲೇ ಬರಲಿ. ಆಮೇಲೆ ಚಿತ್ರಗಳನ್ನು ಎತ್ತಿಟ್ಟುಬಿಡಿ. ಎದುರಿಗಿದ್ದರೆ ನಕಲು ಮಾಡದೆ ಬಿಡುವ ಮಗು ಅಪರೂಪ! ಬರೆಯುವ ವಿಷಯ ಮನೆಯದಾಗಿರಲಿ: ಹಟ್ಟಿಯ ಎಮ್ಮೆ, ಹೂ ಕಟ್ಟುವ ಅಜ್ಜಿ, ಆಟೋ ಓಡಿಸುವ ಅಪ್ಪ. ನಿಯಮ ಮಾತ್ರ ರಾಯ್ ಅವರದು: ಕೆಲವೇ ಬಣ್ಣ, ನೆರಳಿಲ್ಲ, ಕೊನೆಗೆ ಕಪ್ಪು ಹೊರಗೆರೆ.

ಕಷ್ಟದ ಕೆಲಸ ಈ ಗೆರೆ. ಕುಂಚವನ್ನು ಪೆನ್ಸಿಲ್ಲಿನಂತೆ ತುದಿಯಲ್ಲಿ ಹಿಡಿದರೆ ಗೆರೆ ನಡುಗುತ್ತದೆ. ಹಾಳೆಯನ್ನು ನೆಲದ ಮೇಲಿಟ್ಟು, ಕುಂಚವನ್ನು ಮೇಲಕ್ಕೆ ಹಿಡಿದು, ಭುಜದಿಂದ ಕೈ ಆಡಿಸಬೇಕು. ಒತ್ತಿದಲ್ಲಿ ದಪ್ಪವಾಗುತ್ತದೆ, ಎತ್ತುತ್ತ ಬಂದರೆ ಮೊನೆಯಾಗುತ್ತದೆ. ಎಮ್ಮೆಯ ಬೆನ್ನು ಒಂದೇ ಎಳೆತದಲ್ಲಿ ಮೂಡಬೇಕಾದರೆ ಹಳೇ ಪೇಪರಿನ ಮೇಲೆ ಒಂದು ಪೀರಿಯಡ್ಡಾದರೂ ಕೈ ಪಳಗಬೇಕು. ರಬ್ಬರ್, ಸ್ಕೇಲು ಎರಡನ್ನೂ ಒಳಗಿಡಿಸಿ.

ಅಂಕವನ್ನು 'ಥೇಟ್ ಹಾಗೇ ಇದೆ' ಅನ್ನುವುದಕ್ಕೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಗೆರೆಯ ಧೈರ್ಯಕ್ಕೆ ಕೊಡಿ. ತೂಗುಹಾಕುವಾಗ ಚೀಟಿಯಲ್ಲಿ ಮಗುವಿನ ಹೆಸರು ಮೊದಲು, 'ಜಾಮಿನಿ ರಾಯ್ ಪ್ರೇರಣೆ' ಕೆಳಗೆ.

ಕೆಲವು ಶಾಲೆಗಳು ಇಂಥ ಚಿತ್ರಗಳ ಕ್ಯಾಲೆಂಡರ್ ಮಾಡಿ ಮಾರುವುದುಂಟು. ರಾಯ್ ತೀರಿಕೊಂಡದ್ದು 1972ರಲ್ಲಿ. ನಮ್ಮ ಕಾನೂನಿನಂತೆ ಕೃತಿಸ್ವಾಮ್ಯ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಇರುವುದರಿಂದ, 2032ರ ಕೊನೆಯವರೆಗೆ ಅವರ ಚಿತ್ರದ ನಕಲನ್ನು ಮಾರಲು ಹಕ್ಕುದಾರರ ಅನುಮತಿ ಬೇಕು. ಶೈಲಿಗೆ ಕೃತಿಸ್ವಾಮ್ಯವಿಲ್ಲ. ಮಗು ತಾನೇ ಬರೆದ ಎಮ್ಮೆಗೆ ಯಾರ ಅನುಮತಿಯೂ ಬೇಡ, ಆ ಮಗುವಿನ ಮನೆಯವರದೊಂದು ಬಿಟ್ಟು.